ಕೃತಕ ಕಾಲು ಮಾಡುವವರ ಸಂಬಳ

ನಮ್ಮತ್ತೆ, ಅಂದರೆ ಅಪ್ಪನ ತಂಗಿ, ಕಾರ್ಮಿಕ ಇಲಾಖೆಯ ಅಂಕಿಅಂಶ ವಿಭಾಗದಲ್ಲಿ ಕೆಲಸಕ್ಕಿದ್ದರು. ಯಾವ ಕಸುಬಿಗೆ ಎಷ್ಟು ಸಂಬಳ, ಮುಂದಿನ ಹತ್ತು ವರ್ಷದಲ್ಲಿ ಆ ಕಸುಬಿಗೆ ಎಷ್ಟು ಜನ ಬೇಕಾಗಬಹುದು ಎಂದು ಅಂದಾಜು ಮಾಡುವುದು ಅವರ ಕೆಲಸ. ಇದಕ್ಕಾಗಿ ದೇಶದ ಎಲ್ಲರನ್ನೂ ಕೇಳುವುದಿಲ್ಲ. ಆಯ್ದ ಕೆಲವು ಕಾರ್ಖಾನೆ, ಅಂಗಡಿ, ಆಸ್ಪತ್ರೆಗಳನ್ನಷ್ಟೇ ಕೇಳುತ್ತಾರೆ. ಬಟ್ಟೆಯ ಚೂರು ಮುಟ್ಟಿ ಇಡೀ ಥಾನಿನ ಗುಣ ಹೇಳಿದ ಹಾಗೆ. ಅದು ಸರಿಬರುತ್ತದೆ ಎನ್ನುವುದೇ ನನಗೆ ಇವತ್ತಿಗೂ ಸೋಜಿಗ.

ನನ್ನ ತಂಗಿಗೆ ಕೃತಕ ಕಾಲು ಮಾಡುವ ತರಬೇತಿಗೆ ಸೀಟು ಸಿಕ್ಕಿತ್ತು. ಒಪ್ಪಿಗೆ ತಿಳಿಸಲು ಸೋಮವಾರ ಕೊನೆಯ ದಿನ. ಅಪ್ಪ ಇಲಾಖೆಯ ಪಟ್ಟಿ ತೆರೆದು ನೋಡಿದರು. ಆ ಕಸುಬಿನ ಮುಂದೆ, ಸಂಬಳದ ಜಾಗದಲ್ಲಿ, ಬರೀ ಒಂದು ಅಡ್ಡಗೆರೆ.

"ನೋಡ್ದ್ಯಾ? ಸೊನ್ನೆ ಹಾಕೋಕೂ ನಾಚಿಕೆಯಾಗಿ ಗೀಟೆಳೆದಿದ್ದಾರೆ. ಈ ಕೋರ್ಸ್ ಬೇಡಮ್ಮ."

ತಂಗಿ ವಾದಿಸದೆ ಅತ್ತೆಗೆ ಫೋನ್ ಮಾಡಿದಳು. ಭಾನುವಾರ ಬಂದ ಅತ್ತೆ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

"ಅಣ್ಣಾ, ಆ ಗೀಟು ಹಾಕಿದ್ದೇ ನಾನು. ಸಂಬಳ ಇಲ್ಲ ಅಂತಲ್ಲ. ಉತ್ತರ ಕೊಟ್ಟೋರು ತೀರಾ ಕಡಿಮೆ. ಅಂಕಿ ಹಾಕಿದ್ರೆ ಯಾರ ಸಂಬಳ ಅಂತ ಪಕ್ಕದ ಮನೆಯವರೂ ಕಂಡುಹಿಡೀತಾರೆ."

"ಅಂದ್ರೆ ನಿಂಗೆ ಗೊತ್ತು!"

"ಗೊತ್ತು."

"ಹೇಳೇ ಮತ್ತೆ! ಕಿವೀಲಿ ಹೇಳು, ಗೋಡೆಗೂ ಕೇಳಿಸಲ್ಲ."

"ಬೇಕಾದ್ರೆ ಗೋಡೆಗೆ ಹೇಳ್ತೀನಿ, ನಿಂಗಲ್ಲ. ನನ್ನ ಗಣಿತದ ಮಾರ್ಕ್ಸ್ ಬೀದಿಗೆಲ್ಲಾ ಸಾರಿದೋನು ನೀನು."

ಆಮೇಲೆ ಊಟದ ಮೇಜಿನ ಮೇಲೆ, ಯಾರು ಬೇಕಾದರೂ ನೋಡಬಹುದಾದ ಅಂಕಿಗಳನ್ನಷ್ಟೇ ಇಟ್ಟುಕೊಂಡು, ಅತ್ತೆ ಲೆಕ್ಕಕ್ಕೆ ಕೂತರು. ಕೃತಕ ಹಲ್ಲು ಮಾಡುವವರು, ಕನ್ನಡಕದ ಗಾಜು ಉಜ್ಜಿ ಹದಮಾಡುವವರು, ಶ್ರವಣಯಂತ್ರ ಹೊಂದಿಸುವವರು: ಕೈಕೆಲಸ, ಅಳತೆ ಎರಡೂ ಬೇಕಾದ ಕಸುಬುಗಳನ್ನು ಒಂದೊಂದಾಗಿ ಆರಿಸಿದರು. ಸರಾಸರಿ ಬಿಟ್ಟು, ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಸಂಬಳ ಹಿಡಿದರು. "ಒಬ್ಬ ಕುಬೇರ ಬಂದು ಕೂತ್ರೂ ಸರಾಸರಿ ಕೆಟ್ಟುಹೋಗುತ್ತೆ" ಎಂದರು. ಕೊನೆಗೆ ಬಂದದ್ದು ಇದು: ಬಸ್ ಡ್ರೈವರಿಗಿಂತ ಹೆಚ್ಚು, ನರ್ಸಿಗಿಂತ ಸ್ವಲ್ಪ ಕಡಿಮೆ. ಬೇಡಿಕೆ ಜೋರಾಗಿ ಏರುತ್ತದೆ, ಆದರೆ ಕಸುಬೇ ಚಿಕ್ಕದು, ಹುದ್ದೆಗಳು ಕೆಲವೇ. ಊರು ಬಿಡಬೇಕಾಗಬಹುದು.

ನಾನು ಬೆರಗಾಗಿ ನೋಡುತ್ತಿದ್ದೆ. ನಿಜವಾದ ಅಂಕಿ ಅವರ ತಲೆಯಲ್ಲೇ ಇತ್ತು. ಅದನ್ನು ಮುಟ್ಟದೆ, ಏನೂ ಗೊತ್ತಿಲ್ಲದವರ ಹಾಗೆ, ಒಂದೊಂದೇ ಮೆಟ್ಟಿಲು ಹತ್ತಿ ಬಂದಿದ್ದರು. ಅದೂ ಎಂದೂ ಮುಖ ನೋಡದ ಜನರ ಗುಟ್ಟು ಕಾಯಲು.

ಸರಿ ಬಂತೇ ಎಂದು ಅಪ್ಪ ಅತ್ತೆಯ ಮುಖವನ್ನೇ ದಿಟ್ಟಿಸಿದರು. ಅತ್ತೆಯ ಹುಬ್ಬು ಕೂಡ ಅಲುಗಲಿಲ್ಲ.

"ಕಲ್ಲು ಕಣೇ ನೀನು," ಎಂದರು ಅಪ್ಪ. ಮೇಜಿನ ಮೇಲಿದ್ದ ಲೆಕ್ಕವನ್ನು ಇನ್ನೊಮ್ಮೆ ನೋಡಿದರು. "ಗುರುತಿಲ್ಲದ ನಾಲ್ಕು ಜನರ ಗುಟ್ಟನ್ನೇ ಇಷ್ಟು ಕಾಯೋಳು, ಸೋದರ ಸೊಸೆಗೆ ಹುಸಿ ಅಂದಾಜು ಹೇಳ್ತೀಯಾ?" ತಂಗಿಯ ಕಡೆ ತಿರುಗಿದರು. "ಹೂಂ ಅಂತ ತಿಳಿಸಮ್ಮ."

"ನಾಲ್ಕು ಜನ ಅಂತ ನಾನು ಹೇಳಲಿಲ್ಲ," ಎಂದರು ಅತ್ತೆ.