ಲ್ಯಾಮಿನೇಷನ್ ಆದ ಕೊನೆಯ ಪುಟ

ಮಂಗಳೂರಿನಲ್ಲಿ ಹಳೇ ಕಾಗದ ಕೂಡಿಡುವವನಿಗೆ ತಲೆ ಸರಿ ಇಲ್ಲ ಅಂತ ಲೆಕ್ಕ. ಬೇರೆಯವರು ಹೇಳಿದ್ದನ್ನು ಕೇಳಿ ಹೇಳುವ ಮಾತಲ್ಲ ಇದು, ಸ್ವಂತ ಅನುಭವ. ಜೂನ್ ಬಂತೆಂದರೆ ಇಲ್ಲಿ ಗೋಡೆ ಬೆವರುತ್ತದೆ, ಡಬ್ಬಿಯ ಉಪ್ಪು ನೀರಾಗುತ್ತದೆ, ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟಿನ ಮೇಲೆ ಬೂಷ್ಟು ಏಳುತ್ತದೆ. ಕಾಗದ ತೆರೆದಿಟ್ಟ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಇಂಥ ಊರಿನಲ್ಲಿ ಕೂತು ನಾನು ಕಾಮಿಕ್ಸಿನ ಒರಿಜಿನಲ್ ಪುಟಗಳನ್ನು ಸಂಗ್ರಹಿಸುತ್ತೇನೆ. ಯಾಕೆ ಅಂತ ಯಾರಾದರೂ ಕೇಳಿದರೆ ಮೊದಲೆಲ್ಲ ಉತ್ಸಾಹದಿಂದ ವಿವರಿಸುತ್ತಿದ್ದೆ. ಈಗ ಸುಮ್ಮನೆ ನಗುತ್ತೇನೆ.

ಒರಿಜಿನಲ್ ಅಂದರೆ ಅಚ್ಚಾದ ಪುಸ್ತಕವಲ್ಲ. ಅಚ್ಚಿಗೆ ಕಳಿಸಲು ಚಿತ್ರಕಾರ ಕೈಯಾರೆ ಬರೆದ ದಪ್ಪ ಹಾಳೆ. ನಾವು ಓದುವ ಪುಟಕ್ಕಿಂತ ಅದು ಎಷ್ಟೋ ದೊಡ್ಡದು. ಅದರಲ್ಲಿ ತಿಳಿನೀಲಿ ಪೆನ್ಸಿಲಿನ ಗೆರೆಗಳಿರುತ್ತವೆ. ಅವು ಅಚ್ಚಿನ ಕ್ಯಾಮೆರಾಕ್ಕೆ ಕಾಣುವುದಿಲ್ಲ, ನಮ್ಮ ಕಣ್ಣಿಗೆ ಕಾಣುತ್ತವೆ. ತಪ್ಪಿದಲ್ಲಿ ಬಿಳಿ ಬಣ್ಣ ಬಳಿದಿರುತ್ತಾರೆ. ಪಾತ್ರಗಳ ಮಾತನ್ನು ಬೇರೆ ಕಾಗದದಲ್ಲಿ ಬರೆದು, ಚೂರು ಚೂರು ಕತ್ತರಿಸಿ, ಅಂಟು ಹಚ್ಚಿ ಮೇಲೆ ಕೂರಿಸಿರುತ್ತಾರೆ. ಚಿತ್ರಕಾರ ಎಲ್ಲಿ ತಡವರಿಸಿದ, ಎಲ್ಲಿ ಮನಸ್ಸು ಬದಲಿಸಿದ ಎಲ್ಲವೂ ಆ ಹಾಳೆಯಲ್ಲಿ ಗೊತ್ತಾಗುತ್ತದೆ. ಅದಕ್ಕೇ ನನಗೆ ಅದರ ಹುಚ್ಚು. ಇದರ ಜೊತೆಗೆ ಮಕ್ಕಳ ಮಾಸಪತ್ರಿಕೆಗಳು ಪುಕ್ಕಟೆ ಕೊಡುತ್ತಿದ್ದ ಕಾಗದದ ಮುಖವಾಡ, ಓದುಗರ ಸಂಘದ ಬ್ಯಾಡ್ಜು, ಅಚ್ಚಿನ ಸತುವಿನ ಬ್ಲಾಕು, ಹೀಗೆ ಒಂದಿಷ್ಟು ಸಾಮಾನು. ಮನೆಯವರ ಭಾಷೆಯಲ್ಲಿ ಗುಜರಿ.

ಬಲ್ಮಠದಲ್ಲಿ ನಮ್ಮದು ಚಪ್ಪಲಿ ಅಂಗಡಿ, ತಂದೆ ಕಟ್ಟಿದ್ದು. ಹೊಸ ಶೂ ಬಾಕ್ಸಿನೊಳಗೆ ತೇವ ಹೀರುವ ಹರಳಿನ ಸಣ್ಣ ಪೊಟ್ಟಣ ಇರುತ್ತದಲ್ಲ, ನಮ್ಮ ಅಂಗಡಿಯ ಬಾಕ್ಸಿನಲ್ಲಿ ಅದು ಇರುವುದಿಲ್ಲ. ಎಲ್ಲ ನನ್ನ ಕಪಾಟಿಗೆ ಹೋಗುತ್ತದೆ. ಕಪಾಟಿನ ತಳದಲ್ಲಿ ಒಂದು ಹಳೇ ಗುಂಡು ಬಲ್ಬು ಮಳೆಗಾಲವಿಡೀ ಉರಿಯುತ್ತದೆ, ಆ ಬಿಸಿಗೆ ಒಳಗೆ ತೇವ ನಿಲ್ಲುವುದಿಲ್ಲ. ಒಂದೊಂದು ಹಾಳೆಯ ನಡುವೆ ತೆಳು ಕಾಗದ. ವಾರಕ್ಕೊಮ್ಮೆ ತೆಗೆದು, ಫ್ಯಾನಿನ ಅಡಿಯಲ್ಲಿ ಹರಡಿ, ಒಣ ಬಟ್ಟೆಯಲ್ಲಿ ಮೆಲ್ಲ ಒರೆಸಿ, ಮತ್ತೆ ಒಳಗಿಡಬೇಕು. ಬಟ್ಟೆ ಒಣಗದೆ ಮನೆಯಿಡೀ ಹಗ್ಗ ಕಟ್ಟಿಕೊಂಡಿರುವ ನನ್ನ ಹೆಂಡತಿ ಒಮ್ಮೆ ಹೇಳಿದಳು, “ನಿಮ್ಮ ಕಾಗದಕ್ಕೆ ಕಪಾಟಿನೊಳಗೇ ಸೂರ್ಯ ಉಂಟು. ನನ್ನ ಬಟ್ಟೆಗೆ ಮಾತ್ರ ಇಲ್ಲ.” ನಾನು ಅವಳಿಗೆ ಆ ಕಪಾಟು ಮುಟ್ಟಲು ಬಿಡುತ್ತಿರಲಿಲ್ಲ. ಅವಳ ಕೈ ಯಾವಾಗ ನೋಡಿದರೂ ಒದ್ದೆ.

ಈ ಹುಚ್ಚಿಗೆಲ್ಲ ಮೂಲ ಒಂದು ಧಾರಾವಾಹಿ ಚಿತ್ರಕಥೆ. ಮನೆಯಲ್ಲಿ ನಾವು ಮಾತಾಡುವುದು ಬ್ಯಾರಿ. ಕನ್ನಡವನ್ನು ಶಾಲೆಯಲ್ಲಿ ಹೊಡೆಸಿಕೊಂಡು ಕಲಿತೆ, ಪ್ರೀತಿಯಿಂದ ಕಲಿತದ್ದು ಆ ಚಿತ್ರಕಥೆಯಿಂದ. ಕಡಲು ಎಲ್ಲಿ ಮುಗಿಯುತ್ತದೆ ಅಂತ ನೋಡಲು ಒಬ್ಬನೇ ದೋಣಿ ಹತ್ತಿ ಹೊರಟ ಒಬ್ಬ ಹುಡುಗನ ಕಥೆ ಅದು. ತಿಂಗಳು ತಿಂಗಳೂ ಕಾದು ಓದುತ್ತಿದ್ದೆ. ಒಂದು ಸಂಚಿಕೆಯಲ್ಲಿ ದೊಡ್ಡದೊಂದು ಅಲೆ ಎದ್ದು ನಿಂತಿತು, ಅದರ ಬುಡದಲ್ಲಿ ದೋಣಿ ಸಣ್ಣದಾಗಿ ಕಾಣುತ್ತಿತ್ತು, ಕೆಳಗೆ ‘ಮುಂದಿನ ಸಂಚಿಕೆಯಲ್ಲಿ ಮುಕ್ತಾಯ’ ಅಂತ ಬರೆದಿತ್ತು. ಮುಂದಿನ ಸಂಚಿಕೆ ಬರಲೇ ಇಲ್ಲ. ಪತ್ರಿಕೆ ನಿಂತುಹೋಗಿತ್ತು. ಅಂಗಡಿಯವನನ್ನು ಕೇಳಿ ಕೇಳಿ ಬೈಸಿಕೊಂಡೆ. ದೊಡ್ಡವನಾದೆ, ಮದುವೆಯಾಯಿತು, ಮಗಳು ಅತ್ತಾವರದಲ್ಲಿ ನರ್ಸಿಂಗ್ ಓದಿ ಗಲ್ಫಿಗೆ ಹೋದಳು. ಆ ಹುಡುಗ ಮಾತ್ರ ಅಲೆಯ ಬುಡದಲ್ಲೇ ಇದ್ದ.

ಅದನ್ನು ಬರೆದ ಚಿತ್ರಕಾರರು ಡ್ರಾಯಿಂಗ್ ಮಾಸ್ಟರು, ವಾಮಂಜೂರಿನಲ್ಲಿ ಇದ್ದಾರೆ ಅಂತ ಗೊತ್ತಾದದ್ದು ಬಹಳ ತಡವಾಗಿ. ಅಷ್ಟು ವರ್ಷ ನಾನು ಎಲ್ಲೆಲ್ಲೋ ಹುಡುಕುತ್ತಿದ್ದೆ, ಅವರು ಬಸ್ಸಿನಲ್ಲಿ ಹೋದರೆ ಸ್ವಲ್ಪ ದೂರದಲ್ಲೇ ಇದ್ದರು. ಮಾಸ್ಟ್ರು ನನಗೆ ಬೇರೆ ಕಥೆಗಳ ಕೆಲವು ಪುಟ ಕೊಟ್ಟರು. ದೋಣಿ ಹುಡುಗನ ಕೊನೆಯ ಪುಟವೂ ಇದೆ, ಬರೆದು, ಮಾತು ಅಂಟಿಸಿ ಎಲ್ಲ ಆಗಿತ್ತು, ಪತ್ರಿಕೆ ನಿಂತ ಕಾರಣ ಆಫೀಸಿನಿಂದ ವಾಪಸು ಬಂತು ಅಂದರು. ತೋರಿಸಿ ಅಂದೆ. ಅವರು ನಕ್ಕು, “ಈಗ ತೋರಿಸಿದ್ರೆ ನೀವು ಮತ್ತೆ ಈ ಕಡೆ ಬರ್ಲಿಕ್ಕಿಲ್ಲ ಮಾರಾಯ್ರೆ” ಅಂದರು. ಹಾಗೆ ಸತಾಯಿಸುತ್ತಲೇ ಇದ್ದರು. ಕಳೆದ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡರು. ಆ ಪುಟ ನನಗೆ, ಅವರ ಬಾಯಲ್ಲಿ ಚಪ್ಪಲಿ ಸಾಹೇಬರಿಗೆ, ಕೊಡಬೇಕು ಅಂತ ಆಸ್ಪತ್ರೆಯಲ್ಲಿ ಹೆಂಡತಿಗೆ ಹೇಳಿದ್ದರಂತೆ.

ಅವರ ಹೆಂಡತಿ ನಿವೃತ್ತ ಟೀಚರು. ಈ ವರ್ಷ ಮೇ ಕೊನೆಗೆ ಅವರ ಫೋನು ಬಂತು. ಕೊನೆಯ ಪುಟ ಸಿಕ್ಕಿತು, ಮಂಚದಡಿಯ ಟ್ರಂಕಿನಲ್ಲಿತ್ತು, ಬನ್ನಿ ಅಂದರು. ಆ ಕ್ಷಣವೇ ಓಡಬೇಕಿತ್ತು. ಆದರೆ ಶಾಲೆ ಶುರುವಾಗುವ ಸಮಯ, ಅಂಗಡಿಯಲ್ಲಿ ಮಕ್ಕಳಿಗೆ ಕಪ್ಪು ಶೂ ಹಾಕಿಸಿ ಹಾಕಿಸಿ ನನ್ನ ಸೊಂಟ ಹೋಗಿತ್ತು. ಒಂದು ವಾರ ತಡೀರಿ ಅಂದೆ. ಫೋನ್ ಇಡುವ ಮೊದಲು ನನ್ನ ಬಾಯಿ ಸುಮ್ಮನಿರಬೇಕಲ್ಲ. “ಮಳೆ ಹತ್ತಿರ ಬಂತು ಟೀಚರ್. ಪುಟಕ್ಕೆ ಪಸೆ ತಾಗದ ಹಾಗೆ ಸ್ವಲ್ಪ ಜಾಗ್ರತೆ ಮಾಡಿ” ಅಂದೆ.

ಕರಾವಳಿಯಲ್ಲಿ ಕಾಗದಕ್ಕೆ ಜಾಗ್ರತೆ ಮಾಡುವುದು ಅಂದರೆ ಏನು ಅಂತ ನನಗೆ ಗೊತ್ತಿರಬೇಕಿತ್ತು. ಇಲ್ಲಿ ಬರ್ತ್ ಸರ್ಟಿಫಿಕೇಟು, ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು, ಗುರುಗಳ ಫೋಟೊ, ಎಲ್ಲದಕ್ಕೂ ಮೊದಲ ಮಳೆಗೆ ಮುಂಚೆ ಪ್ಲಾಸ್ಟಿಕ್ ಕವಚ ಬೀಳಬೇಕು. ನಮ್ಮ ಮನೆಯ ಮದುವೆಯ ಕಾಗದಕ್ಕೂ ಬಿದ್ದಿದೆ.

ಒಂದು ಮಧ್ಯಾಹ್ನ ಸ್ಕೂಟರಿನಲ್ಲಿ ಹೋದೆ. ಗದ್ದೆ ಇದ್ದ ಕಡೆಯೆಲ್ಲ ಮಣ್ಣು ತುಂಬಿಸಿ ಮನೆ ಎಬ್ಬಿಸುತ್ತಿದ್ದರು. ಟೀಚರ್ ಚಾ ಕೊಟ್ಟರು, ಗೋಳಿಬಜೆ ಕೊಟ್ಟರು, ಆಮೇಲೆ ಒಳಗಿನಿಂದ ಎರಡೂ ಕೈಯಲ್ಲಿ ಹಿಡಿದುಕೊಂಡು ಅದನ್ನು ತಂದರು. ಬಾಗಿಲ ಬೆಳಕಿಗೆ ಅದು ಮಿಂಚಿತು. ಕಾಗದ ಹಾಗೆ ಮಿಂಚುವುದಿಲ್ಲ.

“ಲ್ಯಾಮಿನೇಷನ್ ಮಾಡಿಸಿದೆ,” ಟೀಚರ್ ಅಂದರು. “ಕಾಲೇಜಿನ ಹತ್ತಿರ ದೊಡ್ಡ ಮೆಷಿನ್ ಉಂಟು. ಇನ್ನು ಮಳೆಯ ಹೆದರಿಕೆ ಇಲ್ಲ, ಹುಳದ್ದೂ ಇಲ್ಲ.”

ಮೇಜಿನ ಮೇಲೆ ಇಟ್ಟುಕೊಂಡು ನೋಡಿದೆ. ಮೆಷಿನಿನ ಬಾಯಿಗೆ ಹಿಡಿಸಲಿ ಅಂತ ಸುತ್ತಲಿನ ಅಂಚು ಕತ್ತರಿಸಿ ಹಾಕಿದ್ದರು. ಮಾಸ್ಟ್ರ ನೀಲಿ ಪೆನ್ಸಿಲಿನ ಗುರುತೆಲ್ಲ ಅಂಚಿನ ಜೊತೆ ಹೋಗಿತ್ತು. ಬಿಸಿಗೆ ಅಂಟು ಕರಗಿ ಮಾತಿನ ಚೂರುಗಳ ಸುತ್ತ ಕಂದು ಬಣ್ಣ ಹರಡಿತ್ತು. ಬಿಳಿ ಬಣ್ಣ ಬಿರುಕು ಬಿಟ್ಟಿತ್ತು. ನಡುವೆ ಗಾಳಿಯ ಗುಳ್ಳೆಗಳು, ಒಂದು ಉದ್ದದ ಮಡಿಕೆ. ನಾನು ನೋಡಿದ್ದು ಇಷ್ಟೇ. ಗುಳ್ಳೆ, ಕಲೆ, ಮಡಿಕೆ. ಹುಡುಗನಿಗೆ ಏನಾಯಿತು ಅಂತ ನೋಡಬೇಕು ಅಂತ ನನಗೆ ಅನಿಸಲೇ ಇಲ್ಲ.

“ಚಂದ ಆಯ್ತಲ್ಲ?” ಟೀಚರ್ ಕೇಳಿದರು.

“ಆಯ್ತು,” ಅಂದೆ. ಬೇರೆ ಏನು ಹೇಳಲಿ? ಗಂಡ ಕೊನೆಗೆ ಹೇಳಿ ಹೋದ ಒಂದು ಕೆಲಸವನ್ನು ಆ ಹೆಂಗಸು ಮನಸ್ಸಿಟ್ಟು ಮಾಡಿದ್ದರು. ಹಾಳಾದದ್ದು ಹೇಗೂ ಹಾಳಾಗಿದೆ, ಚಾ ಮುಗಿಸಿ ತೆಗೆದುಕೊಂಡು ಹೋಗುವುದು ಅಂತ ನಿಶ್ಚಯ ಮಾಡಿದೆ.

ಆಗ ಅವರು ಟ್ರಂಕಿನ ಕಡೆ ಕೈ ತೋರಿಸಿದರು. “ಉಳಿದ ಪುಟಗಳು ಅದ್ರಲ್ಲಿ ಉಂಟು. ಇವರ ನೆನಪಿಗೆ ನಾನೇ ಇಟ್ಟುಕೊಳ್ತೇನೆ. ಅವತ್ತೇ ಎಲ್ಲವನ್ನೂ ಒಯ್ದಿದ್ದೆ, ಇದೊಂದು ಆಗುವಷ್ಟರಲ್ಲಿ ಕರೆಂಟು ಹೋಯ್ತು. ಸೋಮವಾರ ಉಳಿದದ್ದನ್ನೂ ಮಾಡಿಸಿ ಬಿಡ್ತೇನೆ.”

ಚಾದ ಲೋಟ ಕೆಳಗಿಟ್ಟೆ. ಸುಮ್ಮನಿದ್ದರೆ ಸೋಮವಾರ ಇಡೀ ಕಥೆ ಆ ಮೆಷಿನಿನೊಳಗೆ ಹೋಗುತ್ತದೆ. ಹೇಳಿದರೆ, ಈ ಪುಟ ಆಗಲೇ ಹಾಳಾದದ್ದೂ ಟೀಚರಿಗೆ ಗೊತ್ತಾಗುತ್ತದೆ. ನನಗೆ ಯಾರ ಮೇಲೂ ಸಿಟ್ಟು ಬರಲಿಲ್ಲ, ಆಯಾಸ ಮಾತ್ರ ಬಂತು. ಬೇರೆ ಚಿತ್ರಕಾರರ ಮನೆಗಳಲ್ಲಿ ನಾನು ತಲುಪುವ ಮೊದಲೇ ಒಲೆಗೆ ಹೋದ ಪುಟಗಳು, ಗೆದ್ದಲು ತಿಂದವು, ಮಗು ಬಣ್ಣ ಹಚ್ಚಿದವು ಎಲ್ಲ ಒಟ್ಟಿಗೆ ಬಂದು ಹೆಗಲ ಮೇಲೆ ಕೂತವು. ಎಷ್ಟು ವರ್ಷ ಅಂತ ಹೀಗೆ ಓಡುವುದು, ಓಡಿ ತಡವಾಗಿ ತಲುಪುವುದು?

“ಟೀಚರ್, ಉಳಿದದ್ದಕ್ಕೆ ಮಾಡಿಸಬೇಡಿ,” ಅಂದೆ. “ಬಿಸಿಗೆ ಚಿತ್ರ ಹಾಳಾಗ್ತದೆ. ಇಲ್ಲಿ ನೋಡಿ. ಇದು ಮಾಸ್ಟ್ರ ಅಂಟು ಕರಗಿದ್ದು. ಇದು ಬಿಳಿ ಬಣ್ಣ ಒಡೆದದ್ದು.”

ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಅಂಚಿನ ಪ್ಲಾಸ್ಟಿಕ್ಕನ್ನು ಉಗುರಿನಿಂದ ಕೆದಕಿದರು.

“ತೆಗೀಲಿಕ್ಕೆ ಆಗ್ತದಾ?”

“ಇಲ್ಲ. ತೆಗೆದ್ರೆ ಚಿತ್ರವೂ ಒಟ್ಟಿಗೆ ಬರ್ತದೆ.”

“ನೀವೇ ಅಲ್ವಾ ಜಾಗ್ರತೆ ಮಾಡಿ ಅಂತ ಹೇಳಿದ್ದು?”

“ಹೌದು. ನಾನೇ.”

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಅಳುತ್ತಾರೆ ಅಂತ ಹೆದರಿದೆ, ಅಳಲಿಲ್ಲ. “ಹಾಗಾದ್ರೆ ನೀವು ಹೇಗೆ ಇಡ್ತೀರಿ?” ಅಂತ ಕೇಳಿದರು. ಪಾಠ ಒಪ್ಪಿಸುವವನ ಹಾಗೆ ಎಲ್ಲ ಹೇಳಿದೆ. ಬಲ್ಬು, ಹರಳಿನ ಪೊಟ್ಟಣ, ತೆಳು ಕಾಗದ, ವಾರವಾರ ಹರಡುವುದು, ಒರೆಸುವುದು. ಹೇಳುತ್ತಾ ಹೇಳುತ್ತಾ ನನಗೇ ಸುಸ್ತಾಯಿತು.

“ಪ್ರತಿ ವರ್ಷವಾ?”

“ಪ್ರತಿ ವರ್ಷ.”

“ಇವರನ್ನು ನೋಡಿಕೊಂಡದ್ದೂ ಹೀಗೆಯೇ,” ಟೀಚರ್ ಅಂದರು. “ಮಗ್ಗುಲು ಬದಲಿಸುವುದು, ಒರೆಸುವುದು, ಪೌಡರ್ ಹಾಕುವುದು. ಇನ್ನು ನನ್ನಿಂದ ಆಗ್ಲಿಕ್ಕಿಲ್ಲ ಸಾಹೇಬ್ರೇ. ಒಮ್ಮೆ ಮಾಡಿಸಿ ಬಿಟ್ಟರೆ ಮತ್ತೆ ನೋಡ್ಲಿಕ್ಕಿಲ್ಲ ಅಂತ ಮಾಡಿಸಿದ್ದು.” ಟ್ರಂಕಿನ ಮುಚ್ಚಳ ಎತ್ತಿದರು. “ಉಳಿದದ್ದನ್ನೂ ನೀವೇ ಒಯ್ಯಿರಿ. ನೆನಪಾದಾಗ ಬಂದು ನೋಡ್ತೇನೆ.”

ಎಷ್ಟೋ ವರ್ಷ ಕನಸು ಕಂಡದ್ದು ಆ ಟ್ರಂಕಿನಲ್ಲಿ ಇದ್ದದ್ದನ್ನೇ. ಇಡೀ ಕಥೆಯ ಪುಟಗಳು ಅಂಗಡಿಯ ರಟ್ಟಿನ ಪೆಟ್ಟಿಗೆಯಲ್ಲಿ ನನ್ನ ಸ್ಕೂಟರಿನ ಮೇಲಿದ್ದವು, ಮೇಲೆ ಟಾರ್ಪಾಲು ಕಟ್ಟಿದ್ದೆ. ಸಂತೋಷವಾಗಬೇಕಿತ್ತು. ಕುಲಶೇಖರದ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತು ಮೋಡ ನೋಡುತ್ತಾ ನನಗೆ ಅನಿಸಿದ್ದು ಒಂದೇ: ಇನ್ನೊಂದು ಕಪಾಟು ಬೇಕು, ಇನ್ನೊಂದು ಬಲ್ಬು ಬೇಕು.

ಮನೆಗೆ ಬಂದವನು ಪೆಟ್ಟಿಗೆಯನ್ನು ಕಪಾಟಿನ ಹತ್ತಿರ ಇಟ್ಟೆ. ಲ್ಯಾಮಿನೇಷನ್ ಆದದ್ದನ್ನು ಊಟದ ಮೇಜಿನ ಮೇಲೆಯೇ ಹಾಕಿ ಕುರ್ಚಿಯಲ್ಲಿ ಕುಸಿದೆ. ಹಾಳಾದ ಮಾಲು, ಎಲ್ಲಿಟ್ಟರೇನು? ಹೆಂಡತಿ ಮೀನು ತೊಳೆಯುತ್ತಿದ್ದವಳು ಅಡಿಗೆಮನೆಯಿಂದ ಬಂದು ದೂರದಲ್ಲೇ ನಿಂತಳು.

“ಇದನ್ನು ಮುಟ್ಟಬಹುದಾ?”

“ಮುಟ್ಟು. ಅದಕ್ಕೆ ಇನ್ನು ಏನೂ ಆಗುವುದಿಲ್ಲ.”

ಅವಳು ಒದ್ದೆ ಕೈಯಲ್ಲೇ ಅದನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದಳು. ಇಷ್ಟು ವರ್ಷದ ನನ್ನ ಸಂಗ್ರಹದಲ್ಲಿ ಅವಳ ಕೈಗೆ ಸಿಕ್ಕಿದ ಮೊದಲ ಪುಟ ಅದು. ಶಾಲೆಯ ಮಗುವಿನ ಹಾಗೆ ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದಿದಳು. ನಾನು ಕಣ್ಣು ಮುಚ್ಚಿ ಕೇಳಿದೆ. ದೋಣಿ ಅಲೆಯಿಂದ ಹೊರಬಂತು. ಹುಡುಗ ದಡ ಸೇರಿದ. ದಡದ ಮಂದಿ ಮುತ್ತಿಕೊಂಡು, ಕಡಲು ಎಲ್ಲಿ ಮುಗಿಯಿತು ಅಂತ ಕೇಳಿದರು. “‘ಕಡಲು ಅಲ್ಲೇ ಇದೆ. ನನಗೆ ನಿದ್ದೆ ಬರುತ್ತಿದೆ,’” ಅಂತ ಓದಿ ಅವಳು ನಿಲ್ಲಿಸಿದಳು. ಕೊನೆಯ ಚೌಕದಲ್ಲಿ ಮಾತಿಲ್ಲವಂತೆ. ಮಳೆಗಾಲಕ್ಕೆ ಎಲ್ಲರೂ ಮಾಡುವ ಹಾಗೆ ದೋಣಿಯನ್ನು ಮರಳ ಮೇಲೆ ಮಗುಚಿ ಹಾಕಿ, ಅದರಡಿಯಲ್ಲಿ ಹುಡುಗ ಮಲಗಿದ್ದಾನಂತೆ.

“ಇಷ್ಟೇಯಾ?” ಅಂದೆ.

“ಇಷ್ಟೇ. ಪಾಪ, ಅವನಿಗೂ ಸಾಕಾಗಿದೆ.”

ನನಗೆ ಅಳು ಬಂತು. ಚಿಕ್ಕಂದಿನಿಂದ ಕಾದದ್ದು ಇಷ್ಟಕ್ಕಾ ಅಂತ ಅಲ್ಲ. ಒಬ್ಬ ಹುಡುಗ ಕಡಲನ್ನು ಅದರ ಪಾಡಿಗೆ ಬಿಟ್ಟು ಮಲಗಿಬಿಟ್ಟ, ಅವನಿಗೆ ಯಾರೂ ಏನೂ ಅನ್ನಲಿಲ್ಲ. ನನಗೂ ಹಾಗೆ ಮಲಗಬೇಕು ಅನಿಸಿತು.

ಹೆಂಡತಿ ಆ ಪುಟವನ್ನು ಅಡಿಗೆಮನೆಯ ಶೆಲ್ಫಿಗೆ ಒರಗಿಸಿ ಇಟ್ಟಳು. ಈಗಲೂ ಅಲ್ಲೇ ಇದೆ, ಒಗ್ಗರಣೆ ಸಿಡಿದರೆ ಒರೆಸಿ ಬಿಡುತ್ತಾಳೆ. ಅವತ್ತು ಇಟ್ಟವಳು ಹಿಂದಕ್ಕೆ ಬಂದು ನೆಲದ ಮೇಲಿದ್ದ ಪೆಟ್ಟಿಗೆಯ ಹತ್ತಿರ ನಿಂತಳು.

“ಇದು ಅದರ ಮೊದಲಿನ ಕಥೆಯಾ? ಇವನು ಯಾಕೆ ಹೊರಟದ್ದು ಅಂತ ಉಂಟಾ ಇದರಲ್ಲಿ?”

“ಉಂಟು. ತೆಗೆದು ಓದು,” ಅಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ, ನಾನು ಹೇಳುವ ಮೊದಲೇ, ತಲೆಯ ಶಾಲು ಎಳೆದು ಎರಡೂ ಕೈಯನ್ನು ಮುಂದೆ ಹಿಂದೆ ಒರೆಸಿಕೊಂಡು, ಒಣಗಿತಾ ಅಂತ ನನ್ನ ಕಡೆ ಚಾಚಿ ತೋರಿಸಿದಳು.