ಹಿಂದಿನ ಸೀಟಿನ ಹಸಿ ಮಡಿಸೀರೆ

ಮೊನ್ನೆ ಮಳೆಯಲ್ಲಿ ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟಾಗ, ಊರು ದಾಟುವ ಮೊದಲೇ ಕಾರಿನ ಮುಂದಿನ ಗಾಜು ಒಳಗಿನಿಂದ ಬೆಳ್ಳಗಾಯಿತು.

ನನ್ನದು ಅಪ್ಪನ ಕಾಲದ ಅಂಬಾಸಡರ್. ಎಸಿ ಇಲ್ಲ, ಗಾಜಿಗೆ ಬಿಸಿಗಾಳಿ ಬಿಡುವ ವ್ಯವಸ್ಥೆಯೂ ಇಲ್ಲ. ಮಳೆಗಾಲದಲ್ಲಿ ಗಾಜಿಗೆ ಆವಿ ಹಿಡಿಯುವುದು ಅದರ ಹಳೇ ಚಾಳಿ.

ಹಾಗಾಗಿ ಹಿಂದಿನ ದಿನವೇ ನೆಹರು ಗಂಜ್ ಹತ್ತಿರದ ಮೆಕ್ಯಾನಿಕ್ ಗೌಸ್ ಭಾಯಿಯನ್ನು ಕೇಳಿದ್ದೆ.

"ಗಾಜಿಗೆ ಒಳಗಿಂದ ತೆಳ್ಳಗ ಸಾಬೂನು ಹಚ್ಚಿ ಒಣ ಅರಬೀಲೆ ಒರಸ್ರಿ. ಕಾಲಾಗಿನ ಹಸಿ ಮ್ಯಾಟ್ ತಗದು ಮನ್ಯಾಗ ಇಡ್ರಿ. ಗಾಡಿ ಒಳಗ ಹಸಿ ಇರಬಾರ್ದು ಸಾಬ್, ಬಾಕಿ ಎಲ್ಲಾ ಠೀಕ್ ಅದ" ಅಂದಿದ್ದರು.

ಅಷ್ಟೂ ಮಾಡಿದೆ.

ಬೆಳಿಗ್ಗೆ ಊರೊಳಗಿನ ಬ್ರಹ್ಮಪುರದಲ್ಲಿ ಕಾಕು ಹತ್ತಿದರು. ಕಾಕು ಅಂದರೆ ನಮ್ಮ ಚಿಕ್ಕಪ್ಪನ ಹೆಂಡತಿ. ಕಮಲಾಪುರದ ದೊಡ್ಡಪ್ಪನ ಮನೆಯಲ್ಲಿ ಅಜ್ಜಿಯ ಶ್ರಾದ್ಧ, ಅಡುಗೆ ಇವರದು.

ಆ ಅಡುಗೆಗೆ ಮಡಿಸೀರೆಯೇ ಆಗಬೇಕು. ಒಗೆದು ಹಾಕಿದ ಮೇಲೆ, ಸ್ನಾನ ಮಾಡಿ ಉಡುವ ತನಕ, ಅದನ್ನು ಯಾರೂ ಮುಟ್ಟುವಂತಿಲ್ಲ, ಉಡುವವರೂ ಸಹ. ಬಿಡದ ಮಳೆಗೆ ಅದು ಒಣಗಿರಲೂ ಇಲ್ಲ... ಕಾಕು ಆ ಒಂಬತ್ತು ವಾರಿ ಸೀರೆಯನ್ನು ಕೋಲಿನಲ್ಲೇ ಎತ್ತಿ ತಂದು, ಹಿಂದಿನ ಸೀಟಿನ ಮೇಲೆ ಹಗ್ಗ ಕಟ್ಟಿಸಿ ಹರವಿದರು.

"ಕಿಡಕಿ ತಗೀಬ್ಯಾಡಪಾ, ರಸ್ತಾದ ರಾಡಿ ಸಿಡದರ ಮಡಿ ಹೋಗ್ತದ" ಅಂದು ಮುಂದೆ ಕುಳಿತರು.

ಹೂಂ ಅಂದೆ.

ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಒರೆಸುವ ಬಟ್ಟೆ. ಒರೆಸಿದಷ್ಟೂ ಮತ್ತೆ ಹಿಡಿಯುತ್ತದೆ. ಅರ್ಧ ದಾರಿಯಲ್ಲೇ ನನಗೆ ಕಾರಣ ಹೊಳೆದಿತ್ತು. ಸಾಬೂನು ತಾನೇ ಏನು ಮಾಡೀತು, ಹಿಂದೆ ಒಂಬತ್ತು ವಾರಿ ನೀರು ಕೂತಿದೆ. ಆದರೂ ಬಾಯಿ ಬಿಡಲಿಲ್ಲ.

ಕಮಲಾಪುರ ಇನ್ನೇನು ಬಂತು ಎನ್ನುವಾಗ ಒಂದು ಇಳಿಜಾರು. ಒರೆಸಿದ ಅಂಗೈ ಅಗಲದ ಜಾಗದಲ್ಲಿ ಒಮ್ಮೆಲೇ ಒಂದು ಬೈಕ್ ಕಾಣುತ್ತದೆ... ಗಂಡ, ಹೆಂಡತಿ, ನಡುವೆ ಕೂಸು.

ಬ್ರೇಕ್ ಒತ್ತಿದೆ. ಕಾರು ಜಾರಿಕೊಂಡು ಹೋಗಿ ಅವರಿಂದ ಒಂದು ಮಾರು ದೂರದಲ್ಲಿ ನಿಂತಿತು. ಅವರಿಗೆ ಗೊತ್ತೇ ಆಗಲಿಲ್ಲ, ತಮ್ಮ ಪಾಡಿಗೆ ಹೋದರು.

ಕಾಕು ಹ್ಯಾಂಡಲ್ ತಿರುವಿ ತಮ್ಮ ಕಡೆಯ ಗಾಜು ಇಳಿಸಿದರು. ಆಮೇಲೆ ಹಿಂದಕ್ಕೆ ಬಾಗಿ ಹಿಂದಿನ ಎರಡನ್ನೂ ಇಳಿಸಿದರು. ಅವರ ತೋಳು ಸೀರೆಗೆ ತಗುಲಿತು.

"ನಡಿ ಇನ್ನ" ಅಂದರು.

ಎರಡು ನಿಮಿಷದಲ್ಲಿ ಗಾಜು ತಿಳಿಯಾಯಿತು. ಪಕ್ಕದಲ್ಲಿ ಹೋದ ಲಾರಿ ಸೀರೆಯ ಮೇಲೆಲ್ಲ ರಾಡಿ ಹಾರಿಸಿತು. ಕಾಕು ತಿರುಗಿ ನೋಡಲಿಲ್ಲ.

ದೊಡ್ಡಪ್ಪನ ಮನೆ ಸೇರಿ ಮತ್ತೆ ಸ್ನಾನ ಮಾಡಿದರು, ಸೀರೆ ಮತ್ತೆ ಒಗೆದು ಹಿಂಡಿದರು, ಹಸಿಯದನ್ನೇ ಉಟ್ಟು ಒಲೆಯ ಮುಂದೆ ನಿಂತರು. ಯಾಕೆ ಹೀಗೆ ಎಂದು ದೊಡ್ಡಮ್ಮ ಕೇಳಿದ್ದಕ್ಕೆ "ಒಣಗಿದ್ದಿಲ್ಲ" ಅಂದರು, ಅಷ್ಟೇ. ಬೈಕಿನ ಸುದ್ದಿ ಎತ್ತಲಿಲ್ಲ. ನನಗೆ ನಾಚಿಕೆಯಾಯಿತು.

ಹಿರಿಯರ ಮಡಿಗೆ ಎದುರಾಡಬಾರದು ಅಂತ ಸುಮ್ಮನಿದ್ದವನು ನಾನು, ಮಡಿ ಬಿಟ್ಟವರು ಅವರು... ನೀವಾಗಿದ್ದರೆ ಅರ್ಧ ದಾರಿಯಲ್ಲೇ ಬಾಯಿ ಬಿಡುತ್ತಿದ್ದಿರಾ?