ವುಜೂ ನೀರಿನ ಡ್ರಮ್ಮು

೨೦೨೦ರಲ್ಲಿ ಕೊರೊನಾಕ್ಕೆ ಮಸೀದಿ ಮುಚ್ಚಿದ ಮೇಲೆ, ಅಮೆರಿಕದ ಡುಲುತ್‌ನ ನಮ್ಮ ಮಗಳ ಮನೆಯ ಹಿತ್ತಲಲ್ಲಿ ನಾವು ಆರು ಜನ ದೂರದೂರ ಚಾಪೆ ಹಾಸಿ ಮಧ್ಯಾಹ್ನದ ಮತ್ತು ಸಂಜೆಯ ನಮಾಜು ಮಾಡುತ್ತಿದ್ದೆವು. ಸೋಂಕಿನ ಭಯಕ್ಕೆ ಯಾರೂ ಮನೆಯೊಳಗೆ ಬರುತ್ತಿರಲಿಲ್ಲ. ನಮಾಜಿಗೆ ಮೊದಲು ಬಾಯಿ ಮುಕ್ಕಳಿಸಿ ಕೈಕಾಲು ಮುಖ ತೊಳೆಯುವ ವುಜೂ ಕೂಡ ಹಿತ್ತಲ ನಲ್ಲಿಯಲ್ಲೇ. ಚಳಿ ಶುರುವಾದಾಗ ಆ ನೀರು ಮುಟ್ಟುವುದಕ್ಕೇ ಕಷ್ಟವಾಯಿತು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮೈಸೂರಿನಲ್ಲಿ ಪ್ಲಂಬರ್ ಕೆಲಸ ಮಾಡಿಕೊಂಡಿದ್ದವನು. ನನ್ನ ಕೈಚಳಕ ತೋರಿಸಲು ಇದೇ ಸಮಯ ಅನ್ನಿಸಿತು. ಕಾರು ತೊಳೆಯುವವರು ಎಸೆದಿದ್ದ ಪ್ಲಾಸ್ಟಿಕ್ ಡ್ರಮ್ಮು, ಯಾರೋ ರಸ್ತೆಬದಿಗಿಟ್ಟಿದ್ದ ಕಿಟಕಿ ಗಾಜು, ಹಳೇ ಏಸಿಯ ತಾಮ್ರದ ಕೊಳವೆ ಹೊಂದಿಸಿದೆ. ಕೊಳವೆಯನ್ನು ಮರದ ಪೆಟ್ಟಿಗೆಯಲ್ಲಿ ಹಾವಿನಂತೆ ಮಡಿಸಿ, ಕಪ್ಪು ಬಣ್ಣ ಬಳಿದು, ಗಾಜು ಮುಚ್ಚಿ, ಬಿಸಿಲಿಗೆ ಓರೆಯಾಗಿ ನಿಲ್ಲಿಸಿದೆ. ಡ್ರಮ್ಮನ್ನು ಅದಕ್ಕಿಂತ ಎತ್ತರದಲ್ಲಿಟ್ಟೆ. ಕಾದ ನೀರು ತಾನೇ ಮೇಲೇರುತ್ತದೆ, ಪಂಪು ಬೇಡ. ಹೆಚ್ಚಾದ ನೀರು ಹೊರಗೆ ಹೋಗಲು ಡ್ರಮ್ಮಿನ ಮೇಲ್ಗಡೆ ಒಂದು ತೂತು ಬಿಟ್ಟೆ.

ಮೈಸೂರಿನಲ್ಲಾಗಿದ್ದರೆ ಅಂಥ ತೂತಿಗೆ ಜಾಲರಿ ಕಟ್ಟದೆ ನಾನು ಏಣಿ ಇಳಿಯುತ್ತಿರಲಿಲ್ಲ. ಇಲ್ಲಿ ಕಟ್ಟಲಿಲ್ಲ. ಅಮೆರಿಕದ ಹಿತ್ತಲಲ್ಲಿ ಏನಿರುತ್ತದೆ ಎಂಬ ಉಡಾಫೆ. ಮಗಳು ಕೇಳಿದ್ದಕ್ಕೆ ಕಟ್ಟಿದ್ದೇನೆ ಅಂದೆ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಮಂಡ್ಯ ಕಡೆಯ ನಿವೃತ್ತ ಮೇಷ್ಟ್ರು. ಮೊದಲ ದಿನ ಅವರು ಬಿಸಿನೀರಿಗೆ ಪಾದ ಒಡ್ಡಿ ನಿಂತೇಬಿಟ್ಟರು. "ನಮ್ಮೂರ ಹಂಡೆ ನೀರು ಕಣ್ರೀ ಭಾಯ್. ನಮ್ಮೆಲ್ಲರ ನಮಾಜಿನ ಪುಣ್ಯದಲ್ಲಿ ನಿಮಗೊಂದು ಪಾಲು" ಅಂದರು. ನಾನು ಉಬ್ಬಿಹೋದೆ.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಅವರ ಬೊಗಸೆಯಲ್ಲಿ ನಾಲ್ಕೈದು ಕೂದಲು ಬಂದವು.

"ಇದೇನ್ ಭಾಯ್?"

"ಪೇಂಟ್ ಬ್ರಷ್ಷಿಂದು ಮೇಷ್ಟ್ರೇ, ಬಿಟ್ಟಾಕಿ."

"ಒಂಥರಾ ವಾಸನೇನೂ ಐತಲ್ಲ."

"ಹೊಸ ಬಣ್ಣ ಅಲ್ವಾ."

ಬ್ರಷ್ಷಿನ ಕೂದಲು ಬಿರುಸು. ಇದು ಮೆತ್ತಗಿತ್ತು. ನನಗೆ ಗೊತ್ತಾಗಿತ್ತು. ಮೇಷ್ಟ್ರು ನನ್ನ ಮಾತು ನಂಬಿ ಅದೇ ನೀರಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿದರು. ನಾನು ನೋಡುತ್ತಾ ನಿಂತಿದ್ದೆ.

ಎಲ್ಲರೂ ಹೋದ ಮೇಲೆ ಮುಚ್ಚಳ ತೆಗೆದೆ. ಒಂದು ಸತ್ತ ಇಲಿ ಊದಿಕೊಂಡು, ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಬೆಚ್ಚಗಿನ ನೀರಲ್ಲಿ ಚರ್ಮ ಬೆಂದಂತಾಗಿ ಕಿತ್ತುಬಂದಿತ್ತು. ಮೇಲೆ ಜಿಡ್ಡಿನ ಪದರ. ಬೇಲಿ ಹಿಡಿದುಕೊಂಡು ವಾಂತಿ ಮಾಡಿದೆ.

ಬಾವಿಯಲ್ಲಿ ಸತ್ತ ಪ್ರಾಣಿ ಊದಿದ್ದರೆ, ಆ ನೀರಲ್ಲಿ ವುಜೂ ಮಾಡಿದ ಮೂರು ದಿನದ ನಮಾಜು ಮತ್ತೆ ಮಾಡಬೇಕೆಂದು ಚಿಕ್ಕಂದಿನಲ್ಲಿ ಮದರಸಾದಲ್ಲಿ ಕಲಿತಿದ್ದೆ. ಫೋನ್ ಎತ್ತಿ ಐದು ಜನಕ್ಕೆ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಸ್ನಾನ ಮಾಡಿ, ಬಟ್ಟೆ ಬದಲಿಸಿ, ಕೋಣೆಯ ಬಾಗಿಲು ಹಾಕಿಕೊಂಡು ನನ್ನ ಮೂರು ದಿನದ ನಮಾಜು ತೀರಿಸಿಕೊಂಡೆ. ಅವರಿಗೆ ಕೊಳವೆ ಒಡೆಯಿತೆಂದು ಹೇಳಿ ಡ್ರಮ್ಮನ್ನು ಕಸಕ್ಕೆ ಹಾಕಿದೆ. ಪಾಪ, ಎಷ್ಟು ಕಷ್ಟಪಟ್ಟಿದ್ದಿರಿ ಎಂದು ಮೇಷ್ಟ್ರೇ ನನಗೆ ಸಮಾಧಾನ ಹೇಳಿದರು. ಇಲಿಯ ಅಸಹ್ಯ ಒಂದು ವಾರಕ್ಕೆ ಹೋಯಿತು. ಆ ಸಮಾಧಾನವನ್ನು ತಲೆ ತಗ್ಗಿಸಿ ಸ್ವೀಕರಿಸಿದ ನನ್ನ ಮುಖದ ಅಸಹ್ಯ ಹೋಗಿಲ್ಲ.

ವರ್ಷಗಳಾದ ಮೇಲೆ, ಹೋದ ರಂಜಾನಿನಲ್ಲಿ ಇಫ್ತಾರಿಗೆ ಸೇರಿದ್ದಾಗ ಮೇಷ್ಟ್ರು ಆ ಬಿಸಿನೀರನ್ನು ನೆನೆದು ಎಲ್ಲರೆದುರು ಹೊಗಳಿದರು. ಕೈಯಲ್ಲಿದ್ದ ಖರ್ಜೂರವನ್ನು ತಟ್ಟೆಗೆ ವಾಪಸ್ ಇಟ್ಟೆ. ಮರುದಿನ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ.

"ಯಾವ ಮೂರು ದಿನ ಭಾಯ್?"

"ತಾರೀಖು ನೆನಪಿಲ್ಲ ಮೇಷ್ಟ್ರೇ."

"ನಿಮ್ಮವು ಮಾಡ್ಕೊಂಡ್ರಾ?"

"ಮಾಡ್ಕೊಂಡೆ."

"ಯಾವಾಗ?"

"ಅವತ್ತೇ."

ಮಿಕ್ಕ ನಾಲ್ವರಿಗೆ ನೀವೇ ಹೇಳಬೇಕು, ನಾನು ಹೇಳುವುದಿಲ್ಲ ಅಂದರು. ಆಮೇಲೆ ಗೋಡೆ ಹಿಡಿದುಕೊಂಡು ಹೋಗಿ ವುಜೂ ಮಾಡಿ ಬಂದರು. ಈಗ ಅವರಿಗೆ ಮಂಡಿ ಮಡಚಲು ಆಗುವುದಿಲ್ಲ. ಕುರ್ಚಿ ಎಳೆದುಕೊಂಡು ಕೂತು ಆ ಮೂರು ದಿನದ ನಮಾಜುಗಳಲ್ಲಿ ಮೊದಲನೆಯದನ್ನು ಶುರು ಮಾಡಿದರು. ಜೊತೆಗೆ ನಿಲ್ಲೋಣವೆಂದರೆ ನನ್ನವು ಎಂದೋ ಮುಗಿದಿದ್ದವು. ಹಿಂದೆ ಕೂತು ಅವರ ಬೆನ್ನು ನೋಡುತ್ತಿದ್ದೆ.